ನಾಲಿಗೆ ಕಟ್ಟಿಹೋದ ಗುರು

ರಾತ್ರಿ ನಿದ್ದೆ ಹತ್ತುವುದಿಲ್ಲ. ಮುಂದಿಟ್ಟ ಅನ್ನ ಸೇರುವುದಿಲ್ಲ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೀರಿ. ನಮಾಝಿಗೆ ನಿಂತರೂ ಮನಸ್ಸು ಸಾಲದ ಲೆಕ್ಕದಲ್ಲೇ ಇರುತ್ತದೆ. ಯಾರಲ್ಲಾದರೂ ಹೇಳಿಕೊಂಡರೆ ಈಮಾನ್ ದುರ್ಬಲ ಎಂದಾರೆಂಬ ಅಂಜಿಕೆ ಬೇರೆ. ಹಾಗಾದರೆ ಇಮಾಮ್ ಗಝ್ಝಾಲಿ(ರ)ಯವರ ಬದುಕನ್ನು ಒಮ್ಮೆ ನೋಡಿ.

ಅವರು ಜನಿಸಿದ್ದು 1058ರಲ್ಲಿ, ಇರಾನಿನ ತೂಸ್‌ನಲ್ಲಿ. ಎಳವೆಯಲ್ಲೇ ತಂದೆಯನ್ನು ಕಳಕೊಂಡರು. ನೈಶಾಪುರದಲ್ಲಿ ಇಮಾಮ್ ಜುವೈನಿಯವರ ಶಿಷ್ಯರಾಗಿ ಹೆಸರು ಗಳಿಸಿದರು. 1091ರಲ್ಲಿ ಮಂತ್ರಿ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯಾ ಮದ್ರಸದ ಗುರುಪೀಠಕ್ಕೆ ನೇಮಿಸಿದರು. ಮುನ್ನೂರು ವಿದ್ಯಾರ್ಥಿಗಳು, ಆಸ್ಥಾನದ ಮನ್ನಣೆ, ಎಲ್ಲವೂ ಇತ್ತು.

ಆದರೆ ಒಳಗೊಂದು ಪ್ರಶ್ನೆ ಕೊರೆಯುತ್ತಿತ್ತು. ತಾನು ಕಲಿಸುತ್ತಿರುವುದು ಅಲ್ಲಾಹನ ಸಂಪ್ರೀತಿಗಾಗಿಯೋ ಕೀರ್ತಿಗಾಗಿಯೋ? ಬೆಳಿಗ್ಗೆ ಎಲ್ಲವನ್ನೂ ತೊರೆದು ಹೊರಡುವ ನಿರ್ಧಾರ. ಸಂಜೆಗೆ ಅದು ಸಡಿಲ. 1095ರಲ್ಲಿ ಸುಮಾರು ಆರು ತಿಂಗಳು ಹೀಗೆಯೇ ಕಳೆಯಿತು. ಕೊನೆಗೆ ಶರೀರ ಸೋತಿತು. ಪಾಠ ಹೇಳಲು ನಾಲಿಗೆ ಏಳಲಿಲ್ಲ. ಗುಟುಕು ನೀರೂ ಗಂಟಲಲ್ಲಿ ಇಳಿಯಲಿಲ್ಲ. ರೋಗದ ಬೇರು ಹೃದಯದ ಚಿಂತೆಯಲ್ಲಿದೆ, ಅದು ತೀರದೆ ಮದ್ದು ಹಿಡಿಯದು ಎಂದು ವೈದ್ಯರು ಕೈಚೆಲ್ಲಿದರು.

ಆಗ ಅವರು ತನ್ನ ಅಸಹಾಯಕತೆಯನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಪಾಠದ ಹೊಣೆಯನ್ನು ತಮ್ಮ ಅಹ್ಮದ್‌ಗೆ ಒಪ್ಪಿಸಿದರು. ಮಕ್ಕಳ ಜೀವನಾಂಶಕ್ಕೆ ಬೇಕಾದಷ್ಟನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿದರು. ದಮಸ್ಕಸ್‌ನಲ್ಲಿ ಸುಮಾರು ಎರಡು ವರ್ಷ ಮಸೀದಿಯ ಮಿನಾರದಲ್ಲಿ ಏಕಾಂತವಾಗಿ ಆರಾಧನೆಯಲ್ಲಿ ಕಳೆದರು. ಬೈತುಲ್ ಮುಕದ್ದಸ್ ಸಂದರ್ಶಿಸಿ ಹಜ್ಜ್ ನಿರ್ವಹಿಸಿದರು. ಕೊನೆಗೆ ಮಕ್ಕಳ ಸೆಳೆತ ಅವರನ್ನು ಊರಿಗೆ ಮರಳಿಸಿತು. ಜಗತ್ತು ಇಂದಿಗೂ ಓದುವ ಇಹ್ಯಾ ಉಲೂಮಿದ್ದೀನ್ ರಚನೆಯಾದದ್ದು ಈ ವರ್ಷಗಳಲ್ಲೇ.

1106ರಲ್ಲಿ ಅವರು ನೈಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಕೆಲಸ ಹಳೆಯದೇ, ಉದ್ದೇಶ ಮಾತ್ರ ಬದಲಾಗಿತ್ತು. 1111ರಲ್ಲಿ ತೂಸ್‌ನಲ್ಲಿ ನಿಧನರಾದರು.

ನಿಮಗೆ ಮನೆ ಬಿಟ್ಟು ದಮಸ್ಕಸ್‌ಗೆ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಆದರೆ ನಿದ್ದೆ, ಹಸಿವು, ಮಾತು ಕೆಟ್ಟಾಗ ಅದನ್ನು ಸೂಚನೆಯೆಂದು ತಿಳಿಯಿರಿ. ಹೊತ್ತಿರುವ ಭಾರದಲ್ಲಿ ಯಾವುದು ಕರ್ತವ್ಯ, ಯಾವುದು ಬರೀ ಜನರ ಮೆಚ್ಚುಗೆಗಾಗಿ ಎಂದು ವಿಂಗಡಿಸಿ ನೋಡಿ. ಮದುವೆಯ ಆಡಂಬರಕ್ಕೆ ಮಾಡಹೊರಟ ಸಾಲ ಯಾವ ಸಾಲಿಗೆ ಸೇರುತ್ತದೆ? ಹೊರಲಾಗದ್ದನ್ನು ಇನ್ನೊಬ್ಬರಿಗೆ ಒಪ್ಪಿಸಿ. ಸುಜೂದ್‌ನಲ್ಲಿ ಅಲ್ಲಾಹನೊಡನೆ ಹೇಳಿಕೊಳ್ಳಿ, ಮನೆಯವರೊಡನೆಯೂ ಹೇಳಿ. ವಾರಗಟ್ಟಲೆ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿರಿ. ಅದು ತವಕ್ಕುಲ್‌ಗೆ ವಿರುದ್ಧವಲ್ಲ. ಅಂತಹ ಇಮಾಮರೇ ತನ್ನ ಸೋಲನ್ನು ಮರೆಮಾಚದೆ ಆತ್ಮಕಥೆಯಲ್ಲಿ ಬರೆದಿಟ್ಟರು. ಮತ್ತೆ ನಿಮಗೇಕೆ ಸಂಕೋಚ?