ಚೌಧರಿ ಚರಣಸಿಂಗ್: ಸಣ್ಣ ಹಿಡುವಳಿಯ ವಾದ ಮತ್ತು ಸಹಾಯಧನದ ಪ್ರಶ್ನೆ

ಸ್ವತಂತ್ರ ಭಾರತದಲ್ಲಿ ರೈತನ ಹೆಸರನ್ನು ಹೇಳದ ರಾಜಕಾರಣಿ ಇಲ್ಲ. ಆದರೆ ರೈತನೆಂದರೆ ಯಾರು, ಅವನು ಎಷ್ಟು ಎಕರೆಯ ಒಡೆಯ, ಸ್ವಂತ ಭೂಮಿಯನ್ನು ಉಳುವವನೋ ಪರರ ಭೂಮಿಯನ್ನು ಉಳುವವನೋ ಎಂಬ ಪ್ರಶ್ನೆಗಳನ್ನು ಅಂಕಿ-ಅಂಶಗಳ ಬಲದಿಂದ ವಿವೇಚಿಸಿ, ಆ ವಿವೇಚನೆಯನ್ನು ಗ್ರಂಥರೂಪಕ್ಕೂ ಶಾಸನರೂಪಕ್ಕೂ ತಂದ ಅಧಿಕಾರಸ್ಥರು ವಿರಳ. ಅಂಥವರಲ್ಲಿ ಚೌಧರಿ ಚರಣಸಿಂಗ್ ಪ್ರಮುಖರು. ಸಂಸತ್ತನ್ನು ಎದುರಿಸದೆಯೇ ರಾಜೀನಾಮೆ ನೀಡಿದ ಪ್ರಧಾನಮಂತ್ರಿ ಎಂಬ ಒಂದೇ ಸಂಗತಿಯಿಂದ ಅವರನ್ನು ನೆನೆಯುವ ರೂಢಿ ಬೆಳೆದುಬಂದಿದೆ. ಈ ರೂಢಿಯ ಮರೆಯಲ್ಲಿ ಭೂಮಿಯ ಪ್ರಶ್ನೆಯನ್ನು ಕುರಿತ ಅವರ ಐದು ದಶಕಗಳ ಚಿಂತನೆ ಮಸುಕಾಗಿದೆ. ಸರ್ಕಾರದ ನೆರವು ದೊಡ್ಡ ಹಿಡುವಳಿಗೆ ಸಲ್ಲಬೇಕೋ ಸಣ್ಣ ಹಿಡುವಳಿಗೆ ಸಲ್ಲಬೇಕೋ ಎಂಬ ವಾದ ಎದ್ದಾಗಲೆಲ್ಲ ಅವರ ಜೀವನವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಏಕೆಂದರೆ ಆ ವಾದದ ಬಲವೂ ಅದರೊಳಗಿನ ಬಿಕ್ಕಟ್ಟೂ ಅವರೊಬ್ಬರ ಬದುಕಿನಲ್ಲಿಯೇ ಕಾಣಸಿಗುತ್ತವೆ.

ಚರಣಸಿಂಗರು 1902ರ ಡಿಸೆಂಬರ್ 23ರಂದು ಅಂದಿನ ಮೀರತ್ ಜಿಲ್ಲೆಯ ನೂರ್‌ಪುರ ಗ್ರಾಮದಲ್ಲಿ ಜಾಟ್ ಸಮುದಾಯದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮೀರ್ ಸಿಂಗ್. ತಾಯಿ ನೇತ್ರ ಕೌರ್. ತಂದೆಯವರು ಜಮೀನ್ದಾರರ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದ ಸಾಮಾನ್ಯ ರೈತರು. ಮನೆಯಾಗಲಿ ಹೊಲವಾಗಲಿ ತಮ್ಮದೆಂದು ಹೇಳಿಕೊಳ್ಳಲಾಗದ ಅನಿಶ್ಚಿತತೆ ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. ಇಂಥ ಮನೆತನದಿಂದ ಬಂದ ಹುಡುಗ ಆಗ್ರಾ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನೂ 1925ರಲ್ಲಿ ಇತಿಹಾಸದ ಎಂ.ಎ. ಪದವಿಯನ್ನೂ ಪಡೆದು, ಅನಂತರ ಕಾನೂನು ಓದಿ, ಗಾಜಿಯಾಬಾದಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಆರ್ಯಸಮಾಜದ ಸರಳತೆ ಮತ್ತು ಗಾಂಧೀಜಿಯವರ ಗ್ರಾಮಕೇಂದ್ರಿತ ದೃಷ್ಟಿ ಅವರ ಮೇಲೆ ಗಾಢ ಪರಿಣಾಮ ಬೀರಿದವು. 1929ರಲ್ಲಿ ಕಾಂಗ್ರೆಸ್ಸನ್ನು ಸೇರಿದ ಅವರು ಮರುವರ್ಷವೇ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದರು. 1940 ಹಾಗೂ 1942ರಲ್ಲಿಯೂ ಅವರು ಸೆರೆವಾಸ ಅನುಭವಿಸಿದರು.

1937ರಲ್ಲಿ ಸಂಯುಕ್ತ ಪ್ರಾಂತದ ಶಾಸನಸಭೆಗೆ ಆಯ್ಕೆಯಾದಾಗ ಅವರ ಗಮನವೆಲ್ಲ ಹೊಲ, ಸಾಲ ಮತ್ತು ಮಂಡಿಗಳ ಕಡೆಗಿತ್ತು. ಮಂಡಿಯಲ್ಲಿ ತೂಕ, ದಲ್ಲಾಳಿತನ ಮತ್ತು ಕಡಿತಗಳ ಹೆಸರಿನಲ್ಲಿ ರೈತನಿಗೆ ಆಗುತ್ತಿದ್ದ ನಷ್ಟವನ್ನು ತಡೆಯಲು 1938ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಮಸೂದೆಯೊಂದನ್ನು ಅವರು ಸಿದ್ಧಪಡಿಸಿದರು. ಅದು ಅವರ ಪ್ರಾಂತದಲ್ಲಿ ಆಗ ಶಾಸನವಾಗಲಿಲ್ಲ; ಇದೇ ಬಗೆಯ ಕಾಯಿದೆಯನ್ನು ಮರುವರ್ಷ ಪಂಜಾಬಿನಲ್ಲಿ ಸರ್ ಛೋಟೂರಾಮರು ತಂದರು. ರೈತರ ಋಣವಿಮೋಚನೆಯ ಮಸೂದೆಗಾಗಿಯೂ ಚರಣಸಿಂಗರು ಶ್ರಮಿಸಿದರು. ಸರ್ಕಾರಿ ನೌಕರಿಗಳಲ್ಲಿ ಅರ್ಧದಷ್ಟನ್ನು ರೈತರ ಮಕ್ಕಳಿಗೆ ಮೀಸಲಿಡಬೇಕೆಂದು 1939ರಲ್ಲಿಯೇ ಅವರು ಸೂಚಿಸಿದ್ದರು. ಈ ಹಂತದಲ್ಲಿ ಅವರು ರೈತನಿಗಾಗಿ ಬೇಡಿದ್ದು ಹಣವನ್ನಲ್ಲ. ನ್ಯಾಯವಾದ ತೂಕ, ಮಿತವಾದ ಬಡ್ಡಿ ಹಾಗೂ ಆಡಳಿತದಲ್ಲಿ ಪಾಲು ಎಂಬುದು ಗಮನಾರ್ಹ.

ಸ್ವಾತಂತ್ರ್ಯಾನಂತರ ಗೋವಿಂದ ವಲ್ಲಭ ಪಂತರ ನೇತೃತ್ವದಲ್ಲಿ ರೂಪುಗೊಂಡ ಜಮೀನ್ದಾರಿ ರದ್ದತಿಯ ಶಾಸನ ಚರಣಸಿಂಗರ ಜೀವನದ ಮಹತ್ಕಾರ್ಯ. 1950ರ ಈ ಶಾಸನ 1952ರ ಜುಲೈ 1ರಿಂದ ಜಾರಿಗೆ ಬಂದಿತು. ರೈತ ಮತ್ತು ಸರ್ಕಾರದ ನಡುವೆ ನಿಂತಿದ್ದ ಮಧ್ಯವರ್ತಿಗಳು ಇದರಿಂದ ಇಲ್ಲವಾದರು. ವಾರ್ಷಿಕ ಗೇಣಿಯ ಹತ್ತು ಪಟ್ಟು ಹಣ ಕಟ್ಟಿದ ಗೇಣಿದಾರನಿಗೆ ಭೂಮಿಧರ ಎಂಬ ಪೂರ್ಣ ಹಕ್ಕು ದೊರೆಯಿತು. ಉಳಿದವರಿಗೆ ಸೀರ್‌ದಾರ ಎಂಬ ಹೆಸರಿನಲ್ಲಿ ಸ್ಥಿರವಾದ ಹಕ್ಕು ಲಭಿಸಿತು. ಗೇಣಿದಾರನ ಕೈಕೆಳಗೆ ಉಳುತ್ತಿದ್ದ ಒಳಗೇಣಿದಾರರ ಹಕ್ಕನ್ನು ಉಳಿಸಲು ಚರಣಸಿಂಗರು ಸ್ವಪಕ್ಷದವರೊಡನೆಯೇ ಹೋರಾಡಿದರು. ಆದರೆ ಜಮೀನ್ದಾರರು ತಮ್ಮ ಸ್ವಂತ ಸಾಗುವಳಿಯ ಭೂಮಿಯನ್ನು ಉಳಿಸಿಕೊಂಡರು. ಭೂಮಿಯೇ ಇಲ್ಲದ ಕೂಲಿಕಾರನಿಗೆ ಈ ಶಾಸನದಿಂದ ಹೆಚ್ಚೇನೂ ದಕ್ಕಲಿಲ್ಲ. ಮುಂದೆ ಅವರ ಮೇಲೆ ಬಂದ ಟೀಕೆಗಳೆಲ್ಲದರ ಮೂಲ ಇಲ್ಲಿದೆ.

ಶಾಸನ ಬಂದರೆ ಸಾಲದು, ಅದು ಹಳ್ಳಿಯ ದಫ್ತರದಲ್ಲಿ ದಾಖಲಾಗಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಉತ್ತರ ಪ್ರದೇಶದ ಪಟವಾರಿ ಎಂದರೆ ಹಳೆಯ ಮೈಸೂರಿನ ಶಾನುಭೋಗನಿದ್ದಂತೆ. ಉಳುವವನ ಹೆಸರು ಲೆಕ್ಕದಲ್ಲಿ ಇರುವುದೂ ಇಲ್ಲದಿರುವುದೂ ಅವನ ಲೇಖನಿಯನ್ನು ಅವಲಂಬಿಸಿತ್ತು. 1953ರಲ್ಲಿ ಸುಮಾರು 27,000 ಪಟವಾರಿಗಳು ಒತ್ತಾಯದ ತಂತ್ರವಾಗಿ ಸಾಮೂಹಿಕ ರಾಜೀನಾಮೆ ಸಲ್ಲಿಸಿದಾಗ, ಕಂದಾಯ ಸಚಿವರಾಗಿದ್ದ ಚರಣಸಿಂಗರು ಅವುಗಳನ್ನು ಅಂಗೀಕರಿಸಿಬಿಟ್ಟರು. ಆ ಸ್ಥಾನಕ್ಕೆ ಲೇಖಪಾಲರೆಂಬ ಹೊಸ ನೌಕರವರ್ಗ ಬಂದಿತು. ಅದೇ ವರ್ಷದ ಮತ್ತೊಂದು ಶಾಸನ ಚೂರುಚೂರಾಗಿ ಹರಡಿದ್ದ ಹೊಲಗಳನ್ನು ಒಟ್ಟುಗೂಡಿಸಿ ಒಬ್ಬ ರೈತನ ಭೂಮಿ ಒಂದೆಡೆ ಇರುವಂತೆ ಮಾಡಲು ಉದ್ದೇಶಿಸಿತ್ತು. ಬಾವಿ ತೋಡಲು, ನೀರು ಹಾಯಿಸಲು ಇದು ಅಗತ್ಯವಾದ ಮೊದಲ ಹೆಜ್ಜೆಯಾಗಿತ್ತು.

ಅವರು ಅಖಿಲ ಭಾರತ ಮಟ್ಟದಲ್ಲಿ ಪರಿಚಿತರಾದದ್ದು 1959ರ ಜನವರಿಯಲ್ಲಿ ನಾಗಪುರದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಿಂದ. ಜವಾಹರಲಾಲ್ ನೆಹರೂ ಅವರ ಬೆಂಬಲವಿದ್ದ ಸಹಕಾರಿ ಸಂಯುಕ್ತ ಬೇಸಾಯದ ಗೊತ್ತುವಳಿಯನ್ನು ಅವರು ಬಹಿರಂಗವಾಗಿ ವಿರೋಧಿಸಿದರು. ಸಾಲ, ಬಿತ್ತನೆ ಬೀಜ, ಮಾರಾಟಗಳಿಗಾಗಿ ರೈತರು ಸಹಕರಿಸುವುದಕ್ಕೆ ಅವರ ಆಕ್ಷೇಪಣೆ ಇರಲಿಲ್ಲ. ಬದುಗಳನ್ನು ಅಳಿಸಿ ಹೊಲಗಳನ್ನೇ ಒಂದುಗೂಡಿಸಿದರೆ ರೈತನ ಶ್ರದ್ಧೆಯೂ ಅಳಿಯುತ್ತದೆ ಎಂಬುದು ಅವರ ನಿಲುವಾಗಿತ್ತು. ಕೆಲವೇ ತಿಂಗಳುಗಳಲ್ಲಿ ಅವರು ರಾಜ್ಯ ಸಚಿವಸಂಪುಟವನ್ನು ತೊರೆದರು. ಅದೇ ವರ್ಷ ಸಂಯುಕ್ತ ಬೇಸಾಯವನ್ನು ವಿಮರ್ಶಿಸುವ ಅವರ ಆಂಗ್ಲ ಗ್ರಂಥವನ್ನು ಮುಂಬಯಿಯ ಭಾರತೀಯ ವಿದ್ಯಾಭವನ ಪ್ರಕಟಿಸಿತು.

ಆ ಗ್ರಂಥದಲ್ಲಿಯೂ ಅನಂತರದ ಕೃತಿಗಳಲ್ಲಿಯೂ ಅವರು ಮಂಡಿಸಿದ ವಾದವನ್ನು ಹೀಗೆ ಸಂಗ್ರಹಿಸಬಹುದು: ಭಾರತದಲ್ಲಿ ಭೂಮಿ ಕಡಿಮೆ, ದುಡಿಯುವ ಕೈಗಳು ಹೆಚ್ಚು. ಆದ್ದರಿಂದ ಅಳೆಯಬೇಕಾದುದು ಒಬ್ಬ ಕೆಲಸಗಾರನ ಉತ್ಪನ್ನವನ್ನಲ್ಲ, ಒಂದು ಎಕರೆಯ ಉತ್ಪನ್ನವನ್ನು. ಟ್ರ್ಯಾಕ್ಟರು ಕೂಲಿಯನ್ನು ಉಳಿಸಬಲ್ಲದು. ಅದು ತಾನಾಗಿಯೇ ಎಕರೆಯ ಇಳುವರಿಯನ್ನು ಹೆಚ್ಚಿಸದು. ಸ್ವಂತ ಹೊಲದಲ್ಲಿ ಮನೆಮಂದಿಯೊಡನೆ ದುಡಿಯುವವನು ಎಕರೆವಾರು ಲೆಕ್ಕದಲ್ಲಿ ದೊಡ್ಡ ಭೂಮಾಲೀಕನನ್ನೂ ಸಾಮೂಹಿಕ ಕೃಷಿಕ್ಷೇತ್ರವನ್ನೂ ಮೀರಿಸಬಲ್ಲ. ಎತ್ತು, ಕೊಟ್ಟಿಗೆ ಗೊಬ್ಬರ ಮತ್ತು ನೀರಾವರಿ ಈ ಬೇಸಾಯದ ಆಧಾರಗಳು. ಈ ವಾದ ಕೇವಲ ಭಾವುಕತೆಯಾಗಿರಲಿಲ್ಲ. 1950ರ ದಶಕದ ಕೃಷಿ ನಿರ್ವಹಣಾ ಸಮೀಕ್ಷೆಗಳು ಹಿಡುವಳಿ ಹಿರಿದಾದಂತೆ ಎಕರೆವಾರು ಉತ್ಪನ್ನ ಇಳಿಯುವುದನ್ನು ತೋರಿಸಿದ್ದವು. 1962ರಲ್ಲಿ ಅಮರ್ತ್ಯ ಸೇನ್ ಅವರು ಮುಂಬಯಿಯ ಇಕನಾಮಿಕ್ ವೀಕ್ಲಿಯಲ್ಲಿ ಅದನ್ನು ಚರ್ಚಿಸಿದರು. ಅಶೋಕ್ ರುದ್ರ ಮೊದಲಾದವರು ಈ ನಿಯಮದ ವ್ಯಾಪ್ತಿಯನ್ನು ಮುಂದೆ ಪ್ರಶ್ನಿಸಿದರಾದರೂ ಚರ್ಚೆ ಮುಗಿಯಲಿಲ್ಲ.

1967ರಲ್ಲಿ ಕಾಂಗ್ರೆಸ್ಸನ್ನು ತೊರೆದು ಚರಣಸಿಂಗರು ಉತ್ತರ ಪ್ರದೇಶದ ಮುಖ್ಯಮಂತ್ರಿಯಾದರು. 1970ರಲ್ಲಿ ಮತ್ತೊಮ್ಮೆ ಆ ಸ್ಥಾನಕ್ಕೆ ಬಂದರು. ಎರಡು ಸಲವೂ ಅವರ ಅಧಿಕಾರ ಒಂದು ವರ್ಷವನ್ನು ಮೀರಲಿಲ್ಲ. ಈ ನಡುವೆ ಹಸಿರು ಕ್ರಾಂತಿ ಕಾಲಿಟ್ಟಿತ್ತು. ಹೊಸ ಗೋಧಿ ತಳಿಗೆ ನೀರು ಮತ್ತು ರಾಸಾಯನಿಕ ಗೊಬ್ಬರ ಎರಡೂ ಬೇಕು; ಇವೆರಡನ್ನೂ ಒದಗಿಸಿಕೊಳ್ಳಬಲ್ಲ ಪಶ್ಚಿಮ ಉತ್ತರ ಪ್ರದೇಶದ ರೈತರು ಮುಂದೆ ಬಂದರು. ಜಮೀನ್ದಾರಿ ರದ್ದತಿಯಿಂದ ಒಡೆತನ ಪಡೆದವರೇ ಈಗ ಕೊಳವೆಬಾವಿ ಹಾಗೂ ಟ್ರ್ಯಾಕ್ಟರುಗಳ ಒಡೆಯರಾದರು. ಚರಣಸಿಂಗರ ಪಕ್ಷಕ್ಕೆ ಶಕ್ತಿಯಾದವರು ಅವರು. ಗ್ರಂಥದಲ್ಲಿ ಪ್ರತಿಪಾದಿತನಾದ ಎರಡೂವರೆ ಎಕರೆಯ ರೈತನಿಗೂ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ರೈತನಿಗೂ ನಡುವೆ ಅಂತರ ಬೆಳೆಯತೊಡಗಿತು.

ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡ ಅವರು 1977ರಲ್ಲಿ ಜನತಾ ಸರ್ಕಾರದ ಗೃಹ ಸಚಿವರಾದರು. ಮೊರಾರ್ಜಿ ದೇಸಾಯಿ ಅವರೊಡನೆ ಭಿನ್ನಾಭಿಪ್ರಾಯ ಬಂದು 1978ರಲ್ಲಿ ಸಂಪುಟದಿಂದ ಹೊರಬಿದ್ದರು. ಅದೇ ಡಿಸೆಂಬರ್ 23ರಂದು, ಅವರ ಜನ್ಮದಿನದಂದು, ದೆಹಲಿಯ ಬೋಟ್ ಕ್ಲಬ್ ಮೈದಾನದಲ್ಲಿ ನೆರೆದ ಅಪಾರ ರೈತಸ್ತೋಮ ರಾಜಧಾನಿಯನ್ನು ಚಕಿತಗೊಳಿಸಿತು. ಮುಂದಿನ ತಿಂಗಳೇ ಅವರು ಉಪಪ್ರಧಾನಿಯಾಗಿ, ಹಣಕಾಸು ಸಚಿವರಾಗಿ ಮರಳಿದರು. 1979ರ ಫೆಬ್ರುವರಿಯಲ್ಲಿ ಅವರು ಮಂಡಿಸಿದ ಮುಂಗಡಪತ್ರ ರಾಸಾಯನಿಕ ಗೊಬ್ಬರದ ಮೇಲಿನ ಉತ್ಪಾದನಾ ಸುಂಕವನ್ನು ಅರ್ಧಕ್ಕಿಳಿಸಿತು. ಪವರ್ ಟಿಲ್ಲರ್ ಮತ್ತು ಪಂಪುಗಳ ಡೀಸೆಲ್ ಮೇಲಿನ ತೆರಿಗೆಗಳೂ ಇಳಿದವು. ಸಣ್ಣ ನೀರಾವರಿಗೂ ಗ್ರಾಮೀಣ ವಿದ್ಯುದೀಕರಣಕ್ಕೂ ಹಣ ಒದಗಿತು. ನಗರದವರ ಬಳಕೆಯ ಹಲವು ವಸ್ತುಗಳ ಮೇಲೆ ತೆರಿಗೆ ಏರಿತು. ಕುಲಕ್ ಎಂಬ ರಷ್ಯನ್ ಪದ ಅಂದಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಇಲ್ಲಿ ಅವರ ಬದುಕಿನ ಬಿಕ್ಕಟ್ಟು ಸ್ಪಷ್ಟವಾಗುತ್ತದೆ. ಜೀವಮಾನವೆಲ್ಲ ಎಕರೆಯ ಲೆಕ್ಕದಲ್ಲಿ ಚಿಂತಿಸಿದವರು ಕೊನೆಗೆ ಚೀಲದ ಲೆಕ್ಕದಲ್ಲಿ ನೆರವು ನೀಡಿದರು. ಚೀಲವೊಂದಕ್ಕೆ 10 ರೂಪಾಯಿ ಇಳಿಯಿತೆಂದು ಭಾವಿಸೋಣ. ಎಕರೆಗೆ ಎರಡು ಚೀಲ ಬಳಸುವ ಎರಡು ಎಕರೆಯ ರೈತನಿಗೆ 40 ರೂಪಾಯಿ ಉಳಿಯುತ್ತದೆ. 20 ಎಕರೆಯವನಿಗೆ 400 ರೂಪಾಯಿ. ಮಳೆಯನ್ನೇ ನಂಬಿ ಜೋಳ ಬಿತ್ತುವವನಿಗೆ ಸಿಗುವುದು ಅತ್ಯಲ್ಪ. ಕೂಲಿಕಾರನಿಗೆ ಏನೂ ಇಲ್ಲ. 1977ರ ನವೆಂಬರಿನಲ್ಲಿ ಆರಂಭವಾಗಿದ್ದ ಗೊಬ್ಬರದ ಧಾರಣಾ ಬೆಲೆ ಯೋಜನೆಯದೂ ಇದೇ ಸ್ವರೂಪ. ಕಾರ್ಖಾನೆಯ ವೆಚ್ಚಕ್ಕೂ ರೈತ ತೆರುವ ಬೆಲೆಗೂ ನಡುವಣ ಅಂತರವನ್ನು ಬೊಕ್ಕಸ ತುಂಬುತ್ತಿದ್ದುದರಿಂದ, ಸಹಾಯಧನ ರೈತನದೋ ಕಾರ್ಖಾನೆಯದೋ ಎಂಬ ಇನ್ನೊಂದು ವಾದವೂ ಹುಟ್ಟಿಕೊಂಡಿತು.

ಆದರೂ ಚರಣಸಿಂಗರ ಪಕ್ಷದಲ್ಲಿ ಹೇಳಬೇಕಾದ ಮಾತು ಇದೆ. ನೀರಿರುವ ಕಡೆ ಸಣ್ಣ ರೈತನೂ ಎಕರೆಗೆ ದೊಡ್ಡವನಷ್ಟೇ, ಕೆಲವೆಡೆ ಅವನಿಗಿಂತ ಹೆಚ್ಚು ಗೊಬ್ಬರ ಹಾಕುತ್ತಾನೆ. ಬೆಲೆ ಏರಿದರೆ ಮೊದಲು ಕೈಬಿಡುವವನು ಅವನೇ. ಹೀಗೆ ಚೀಲದ ನೆರವು ಎಕರೆವಾರು ನೋಡಿದರೆ ಹೆಚ್ಚುಕಡಿಮೆ ಸಮಾನ. ಕುಟುಂಬವಾರು ನೋಡಿದರೆ ತೀವ್ರವಾಗಿ ಅಸಮಾನ. ಉತ್ಪಾದನೆಯನ್ನು ಹೆಚ್ಚಿಸುವುದು ಗುರಿಯೋ ಬಡತನವನ್ನು ಇಳಿಸುವುದು ಗುರಿಯೋ ಎಂಬುದನ್ನು ಅವಲಂಬಿಸಿ ಒಂದೇ ನೆರವು ನ್ಯಾಯವೂ ಅನ್ಯಾಯವೂ ಆಗಿ ತೋರುತ್ತದೆ. ಚರಣಸಿಂಗರು ಈ ಎರಡು ಗುರಿಗಳೂ ಸಣ್ಣ ಒಡೆತನದಲ್ಲಿ ಒಂದಾಗುತ್ತವೆಂದು ನಂಬಿದ್ದರು. ಒಡೆತನ ಅಸಮಾನವಾಗಿರುವವರೆಗೆ ಅವು ಒಂದಾಗಲಾರವೆಂಬುದನ್ನು ಅವರ ಮುಂಗಡಪತ್ರವೇ ತೋರಿಸಿಕೊಟ್ಟಿತು.

1979ರ ಜುಲೈ 28ರಂದು ಪ್ರಧಾನಮಂತ್ರಿಯಾದ ಅವರು ಆಗಸ್ಟ್ 20ರಂದು ರಾಜೀನಾಮೆ ನೀಡಿ, 1980ರ ಜನವರಿಯವರೆಗೆ ಉಸ್ತುವಾರಿ ಸರ್ಕಾರವನ್ನು ನಡೆಸಿದರು. ಅನಂತರವೂ ಅವರ ಬರವಣಿಗೆ ನಿಲ್ಲಲಿಲ್ಲ. ಕುಲಕ್ ಎಂಬ ಆರೋಪಕ್ಕೆ ಉತ್ತರವಾಗಿ ಉತ್ತರ ಪ್ರದೇಶದ ಭೂಸುಧಾರಣೆಯನ್ನು ಕುರಿತ ಗ್ರಂಥ 1986ರಲ್ಲಿ ಹೊರಬಂದಿತು. 1987ರ ಮೇ 29ರಂದು ಅವರು ನಿಧನರಾದರು. ದೆಹಲಿಯಲ್ಲಿರುವ ಅವರ ಸಮಾಧಿಗೆ ಕಿಸಾನ್ ಘಾಟ್ ಎಂದು ಹೆಸರು. 2024ರಲ್ಲಿ ಅವರಿಗೆ ಮರಣೋತ್ತರ ಭಾರತರತ್ನ ಸಂದಿತು. ಹಸಿರು ಕ್ರಾಂತಿಯ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರಿಗೂ ಅದೇ ವರ್ಷ ಈ ಗೌರವ ದೊರೆತದ್ದು ಉಲ್ಲೇಖನೀಯ.

ಕನ್ನಡನಾಡಿನ ಅನುಭವ ಈ ಚರಿತ್ರೆಗೆ ಹೊರತಾದುದಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯಿಂದ ಕರಾವಳಿ ಮತ್ತು ಮಲೆನಾಡಿನ ಗೇಣಿದಾರರು ಒಡೆಯರಾದರು. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ದಂಗೆಯೆದ್ದಾಗ ಪ್ರಶ್ನೆ ಒಡೆತನದ್ದಾಗಿರಲಿಲ್ಲ. ನೀರಾವರಿಯ ಕರ ಮತ್ತು ಬೆಳೆಯ ಬೆಲೆಯದಾಗಿತ್ತು. ಇಂದು ರಾಜ್ಯದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಇದೆ. ಕೊಳವೆಬಾವಿ ಇಲ್ಲದ ಒಣಬೇಸಾಯಗಾರನಿಗೆ ಆ ಉಚಿತದಿಂದ ಪ್ರಯೋಜನವಿಲ್ಲ.

2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಯೋಜನೆ ಚೀಲದ ಲೆಕ್ಕವನ್ನು ಬಿಟ್ಟು ಕುಟುಂಬದ ಲೆಕ್ಕವನ್ನು ಹಿಡಿಯಿತು. ವರ್ಷಕ್ಕೆ 6,000 ರೂಪಾಯಿಗಳ ಈ ನೆರವು ಮೊದಲು ಎರಡು ಹೆಕ್ಟೇರ್‌ವರೆಗಿನವರಿಗೆ ಮಾತ್ರವಿತ್ತು. ಅದೇ ವರ್ಷ, ಆದಾಯ ತೆರಿಗೆ ಕಟ್ಟುವವರೇ ಮೊದಲಾದ ಕೆಲವರನ್ನು ಬಿಟ್ಟು, ಎಲ್ಲ ಭೂಮಾಲೀಕ ರೈತರಿಗೂ ಅದನ್ನು ವಿಸ್ತರಿಸಲಾಯಿತು. 2015-16ರ ಕೃಷಿಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇಕಡಾ 86ರಷ್ಟು ಎರಡು ಹೆಕ್ಟೇರಿಗಿಂತ ಕಡಿಮೆಯವು. ಅವುಗಳ ವಶದಲ್ಲಿರುವುದು ಅರ್ಧಕ್ಕಿಂತ ಕಡಿಮೆ ಭೂಮಿ. ಚರಣಸಿಂಗರು ಪ್ರತಿಪಾದಿಸಿದ ಸಣ್ಣ ಹಿಡುವಳಿ ಇಂದು ವಾದವಲ್ಲ, ವಾಸ್ತವ. ಆದರೆ ಪರರ ಹೊಲವನ್ನು ಬಾಯಿಮಾತಿನ ಗೇಣಿಗೆ ಮಾಡುವವನ ಹೆಸರು ದಾಖಲೆಯಲ್ಲಿ ಇಲ್ಲವಾದುದರಿಂದ ಆ ಹಣ ಅವನನ್ನು ಮುಟ್ಟುವುದಿಲ್ಲ. ನೂರ್‌ಪುರದ ಮೀರ್ ಸಿಂಗರು ಇಂದು ಬದುಕಿದ್ದು ಅದೇ ಬಗೆಯ ಗೇಣಿಯನ್ನು ಮಾಡುತ್ತಿದ್ದರೆ ಅವರ ಹೆಸರೂ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ನೆರವಿನ ಮೊತ್ತವನ್ನು ಕುರಿತ ವಾದಕ್ಕಿಂತ ಮುಂಚೆ ಉಳುವವನ ಹೆಸರು ಎಲ್ಲಿ ಬರೆಯಲ್ಪಟ್ಟಿದೆ ಎಂಬುದನ್ನು ನೋಡಬೇಕೆಂಬುದು 1953ರ ಕಂದಾಯ ಸಚಿವರಿಗೆ ತಿಳಿದಿತ್ತು. ಅವರ ಮುಂಗಡಪತ್ರಕ್ಕಿಂತ ಈ ತಿಳಿವಳಿಕೆಯೇ ಅವರು ಬಿಟ್ಟುಹೋದ ಹೆಚ್ಚಿನ ಆಸ್ತಿ.