ಅನ್ಸಾರಿ ಎಂಬ ಹೆಸರು

ಅನ್ಸಾರಿ ಎಂಬ ಹೆಸರಿನವರು ನಿಮಗೂ ಪರಿಚಿತರಿರಬಹುದು. ಕಳೆದ ಶತಮಾನದಲ್ಲಿ ಉತ್ತರ ಭಾರತದ ನೇಕಾರ ಮುಸ್ಲಿಮರು ಇದನ್ನು ವ್ಯಾಪಕವಾಗಿ ಸ್ವೀಕರಿಸಿದರು. ಅವರೆಲ್ಲಿಯ ಅರಬರೆಂದು ಕೆದಕುವವರೂ ಉಂಟು! ಆದರೆ ಓದುಗರೇ, ಇದು ಮೂಲದಲ್ಲಿ ವಂಶದ ಹೆಸರಲ್ಲ. ಅನ್ಸಾರ್ ಎಂದರೆ ಸಹಾಯಕರು. ಹಿಜ್ರತ್ ಮಾಡಿ ಬಂದವರಿಗೆ ಆಸರೆಯಿತ್ತ ಮದೀನಾದ ಔಸ್, ಖಝ್ರಜ್ ಗೋತ್ರದವರಿಗೆ ಸಂದ ಬಿರುದು.

ಹ. ಅಬೂ ಅಯ್ಯೂಬ್ ಅನ್ಸಾರಿ(ರ)ಯವರನ್ನೇ ನೋಡಿ. ಕ್ರಿ.ಶ. 622ರಲ್ಲಿ ಮದೀನಾ ತಲುಪಿದ ಪ್ರವಾದಿವರ್ಯರು(ಸ) ತಂಗಿದ್ದು ಅವರ ಮನೆಯಲ್ಲಿ. ಅತಿಥಿ ಕೆಳಗೆ, ಮನೆಯವರು ಮಹಡಿಯಲ್ಲಿ. ಒಂದು ದಿನ ಮೇಲೆ ನೀರಿನ ಮಡಕೆ ಒಡೆಯಿತು. ಕೆಳಗೆ ತೊಟ್ಟಿಕ್ಕೀತೆಂದು ಹೆದರಿದ ದಂಪತಿಗಳು ತಮಗೆ ಹೊದೆಯಲಿದ್ದ ಒಂದೇ ಹೊದಿಕೆಯಿಂದ ನೀರನ್ನು ಹೀರಿಸಿದರು.

ಮುಪ್ಪಿನಲ್ಲೂ ಸೈನ್ಯದೊಂದಿಗೆ ಹೊರಟ ಅವರು ಕಾನ್‌ಸ್ಟಾಂಟಿನೋಪಲಿನ ಬಳಿ ಕಾಯಿಲೆಯಿಂದ ನಿಧನರಾದರು. ಕೋಟೆಗೋಡೆಯ ಹತ್ತಿರವೇ ದಫನವಾಯಿತು. ಇಸ್ತಾಂಬುಲಿನ ಆ ಭಾಗ ಇಂದಿಗೂ ಅವರ ಹೆಸರಿನಲ್ಲಿದೆ.