ಹಿಂದೂಪುರದಲ್ಲಿ ಹುಟ್ಟಿದ ಮುಮ್ತಾಜ್ ಶೀರೀನ್

ಗಡಿನಾಡಿನ ಸಾಧಕರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಮರೆಯುವ ಹೆಸರೊಂದಿದೆ. ಅದು ಉರ್ದು ಕಥೆಗಾರ್ತಿ ಹಾಗೂ ವಿಮರ್ಶಕಿ ಮುಮ್ತಾಜ್ ಶೀರೀನ್ ಅವರದು. ಅವರು ಜನಿಸಿದ್ದು 1924ರ ಸೆಪ್ಟೆಂಬರ್ 12ರಂದು, ಹಿಂದೂಪುರದಲ್ಲಿ. ಆಗ ಈ ಊರು ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿತ್ತು. ಮೈಸೂರು ಸಂಸ್ಥಾನದ ಗಡಿ ಸಮೀಪದಲ್ಲೇ ಇತ್ತು.

ಬಾಲ್ಯದಲ್ಲಿಯೇ ತಾಯಿಯ ತಂದೆ ಅವರನ್ನು ಮೈಸೂರಿಗೆ ಕರೆದೊಯ್ದರು. ಉರ್ದು ಸಾಹಿತ್ಯದ ಓದು ಅಜ್ಜ ಅಜ್ಜಿಯರ ಆಸರೆಯಲ್ಲಿ ಮನೆಯಲ್ಲೇ ಮೊದಲಾಯಿತು. ಹೆಣ್ಣುಮಕ್ಕಳಿಗೆ ಮನೆಯೊಳಗಿನ ಓದೇ ಸಾಕೆಂದು ಅನೇಕ ಕುಟುಂಬಗಳು ಭಾವಿಸಿದ್ದ ಆ ಕಾಲದಲ್ಲಿ ಈ ಬಾಲಕಿ 13ನೆಯ ವಯಸ್ಸಿಗೆ ಮೆಟ್ರಿಕ್ ಮುಗಿಸಿ, ಮುಂದೆ ಬೆಂಗಳೂರಿನ ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು. 1942ರಲ್ಲಿ ಸಮದ್ ಶಾಹೀನ್ ಅವರೊಡನೆ ವಿವಾಹವಾಯಿತು. 1944ರಲ್ಲಿ ದಂಪತಿಗಳು ಬೆಂಗಳೂರಿನಿಂದ 'ನಯಾ ದೌರ್' ಎಂಬ ಸಾಹಿತ್ಯ ಪತ್ರಿಕೆಯನ್ನು ಹೊರತಂದರು. ಶೀರೀನ್ ಅವರ ಮೊದಲ ಕಥೆ ದೆಹಲಿಯ 'ಸಾಕೀ' ಪತ್ರಿಕೆಯಲ್ಲಿ ಬೆಳಕು ಕಂಡದ್ದೂ ಅದೇ ವರ್ಷ.

ದೇಶವಿಭಜನೆಯ ನಂತರ ಅವರು ಕರಾಚಿ ಸೇರಿದರು. ಪತ್ರಿಕೆ ಅಲ್ಲಿಯೂ ನಡೆಯಿತು. 'ಮೇಘ ಮಲ್ಹಾರ್' ಎಂಬ ಕಥೆಯಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಪುರಾಣಗಳನ್ನೂ ಒಂದುಗೂಡಿಸಿದರು. 1963ರಲ್ಲಿ 'ಮೆಯಾರ್' ಎಂಬ ವಿಮರ್ಶಾಗ್ರಂಥ ಪ್ರಕಟವಾಯಿತು.

ಅವರ ಚಿಂತನೆಯ ತಿರುಳು ಕಾಣುವುದು ಸಾದತ್ ಹಸನ್ ಮಂಟೋ ಕುರಿತ ಬರಹದಲ್ಲಿ. ಮಂಟೋ ಕಥೆಗಳು ಅಶ್ಲೀಲವೆಂಬ ಆರೋಪ ಹೊತ್ತು ನ್ಯಾಯಾಲಯದ ಮೆಟ್ಟಿಲೇರಿದ್ದವು. ಶೀರೀನ್ ಆ ಕಥೆಗಳನ್ನು ಅಳೆಯಲು ಆರಿಸಿಕೊಂಡ ಅಳತೆಗೋಲು, ಮದರಸಾಕ್ಕೆ ಹೋಗುವ ಮಗುವಿಗೂ ತಿಳಿದಿರುವಂಥದ್ದು. ದೇವದೂತರು ಬೆಳಕಿನಿಂದ ಆದವರು, ಇಬ್ಲೀಸನು ಬೆಂಕಿಯಿಂದ ಆದವನು, ಆದಮನು ಮಣ್ಣಿನಿಂದ ಆದವನು. ಮಂಟೋ ಚಿತ್ರಿಸಿದ ಮನುಷ್ಯ ಬೆಳಕಿನವನೂ ಅಲ್ಲ, ಬೆಂಕಿಯವನೂ ಅಲ್ಲ. ಮಣ್ಣಿನವನು, ಆದ್ದರಿಂದಲೇ ಎಡವುವವನು, ಕರುಣೆಗೆ ಅರ್ಹನು ಎಂಬುದು ಅವರ ನಿಲುವು. ಈ ಬರಹಗಳು ಪುಸ್ತಕವಾದದ್ದು ಅವರು ತೀರಿಹೋದ ಮೇಲೆ. 1973ರ ಮಾರ್ಚ್ 11ರಂದು ಇಸ್ಲಾಮಾಬಾದಿನಲ್ಲಿ, 48ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಶೀರೀನ್ ಕನ್ನಡದ ಲೇಖಕಿಯಲ್ಲ, ನಿಜ. ಆದರೂ ಹಿಂದೂಪುರ, ಕಲ್ಯಾಣದುರ್ಗಗಳ ಮುಸ್ಲಿಂ ಮನೆಗಳಿಗೆ ಅವರ ಬದುಕು ಹತ್ತಿರದ್ದು. ಬೆಳಿಗ್ಗೆ ಅರಬ್ಬಿ ಅಕ್ಷರ, ಹಗಲು ಶಾಲೆಯ ಕನ್ನಡ, ಬೀದಿಯಲ್ಲಿ ತೆಲುಗು, ಮನೆಯಲ್ಲಿ ಉರ್ದು ಎಂಬಂತೆ ಬೆಳೆಯುವ ಮಕ್ಕಳು ಇಲ್ಲಿದ್ದಾರೆ. ದೀನಿನ ಪಾಠ ಶಾಲೆಯ ಓದನ್ನು ಕುಂಠಿತಗೊಳಿಸೀತೇ, ಶಾಲೆಯ ಓದು ದೀನನ್ನು ಮರೆಸೀತೇ ಎಂಬ ಆತಂಕ ಹೆತ್ತವರದು. ಧರ್ಮಕಥೆಯೊಂದನ್ನು ಕೈಯಲ್ಲಿ ಹಿಡಿದೇ ಆಧುನಿಕ ಸಾಹಿತ್ಯವನ್ನು ಅರ್ಥೈಸಿದ ಈ ಊರಿನ ಮಗಳು, ಎರಡರಲ್ಲಿ ಒಂದನ್ನು ಬಿಡಬೇಕಾಗಿಲ್ಲವೆಂದು ಬಾಳಿ ತೋರಿಸಿದ್ದಾರೆ. ಮಕ್ಕಳಿಗೆ ಅವರ ಹೆಸರನ್ನಾದರೂ ನಾವು ತಿಳಿಸೋಣ.